ವಿಜಯದ ಕಮಾನು: ಮೊದಲು ನೆತ್ತಿಯ ಬರಹ ಓದಿ

ಪ್ರಶ್ನೆ: ರೋಮ್‌ಗೆ ಹೊರಟಿದ್ದೇವೆ. ರೋಮನ್ ಚಕ್ರವರ್ತಿ ಟೈಟಸ್‌ನ ವಿಜಯದ ಮೆರವಣಿಗೆ ಅವನ ಹೆಸರಿನ ಕಮಾನಿನಡಿಯೇ ಸಾಗಿತೇ? ಇಂಥವನ್ನು ಯಾಕೆ ಕಟ್ಟುತ್ತಿದ್ದರು?

ಉತ್ತರ: ಇಲ್ಲ. ಜೆರುಸಲೆಮ್ ಗೆದ್ದ ಮೆರವಣಿಗೆ ನಡೆದದ್ದು ಕ್ರಿ.ಶ. 71ರಲ್ಲಿ. ಕಮಾನು ಎದ್ದದ್ದು 81ರಲ್ಲಿ ಟೈಟಸ್ ತೀರಿಕೊಂಡ ಮೇಲೆ. ಇದಕ್ಕೆ ಸಾಕ್ಷಿ ಕೊಲೊಸಿಯಂ ಕಡೆಯ ಮುಖದಲ್ಲೇ ಇದೆ. ಬೆಳಿಗ್ಗೆ ಹೋಗಿ, ಬಿಸಿಲು ಆ ಮುಖಕ್ಕೆ ಬೀಳುತ್ತದೆ. ಬರಹದಲ್ಲಿ ‘ದಿವೋ ಟಿಟೋ’ ಎಂಬ ಪದಗಳನ್ನು ಹುಡುಕಿ. ಕೊನೆಯ ‘ಓ’ ನಮ್ಮ ಚತುರ್ಥಿಯ ‘ಗೆ’ ಇದ್ದಂತೆ. ‘ದೇವನಾದ ಟೈಟಸ್‌ಗೆ’ ಎಂದರ್ಥ. ದೈವತ್ವ ಸಿಗುತ್ತಿದ್ದದ್ದು ಸತ್ತ ಚಕ್ರವರ್ತಿಗೆ. ಒಳಗೆ ನಿಂತು ಕತ್ತೆತ್ತಿದರೆ ಹದ್ದು ಅವನನ್ನು ಮೇಲಕ್ಕೆ ಹೊತ್ತೊಯ್ಯುವುದೂ ಕಾಣುತ್ತದೆ.

ಇದು ಊರಿನ ಹೆಬ್ಬಾಗಿಲಲ್ಲ, ಅತ್ತಿತ್ತ ಕೋಟೆಗೋಡೆಯೂ ಇಲ್ಲ. ನಿಜಕ್ಕೂ ಕಮಾನು ಒಂದು ಎತ್ತರದ ಪೀಠ. ಮೇಲೆ ಕಂಚಿನ ಪ್ರತಿಮೆಗಳು, ಸಾಮಾನ್ಯವಾಗಿ ನಾಲ್ಕು ಕುದುರೆಯ ರಥ, ನಿಲ್ಲುತ್ತಿದ್ದವು. ಉಳಿದ ಮನುಷ್ಯರಿಗಿಂತ ಮೇಲಕ್ಕೆ ಎತ್ತುವುದೇ ಇದರ ಉದ್ದೇಶ ಎಂದು ಆ ಕಾಲದ ರೋಮನ್ ಲೇಖಕ ಪ್ಲಿನಿಯೇ ಬರೆದಿದ್ದಾನೆ. ಕಂಚು ಹೋಯಿತು, ಪೀಠ ಉಳಿಯಿತು. ಹಾಗಾಗಿ ನಾವು ಬಾಗಿಲೆಂದು ತಿಳಿಯುತ್ತೇವೆ.

ಓದಲು ಅತಿ ರುಚಿಯಾದದ್ದು 203ರಲ್ಲಿ ಎದ್ದ, ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು. ಕ್ಯಾಪಿಟೋಲಿನ್ ಗುಡ್ಡದ ಮೇಲಿಂದ ಬರಹ ಚೆನ್ನಾಗಿ ಕಾಣುತ್ತದೆ. ದುರ್ಬೀನು ಇದ್ದರೆ ಒಳ್ಳೆಯದು. ಕಂಚಿನ ಅಕ್ಷರಗಳನ್ನು ಕಲ್ಲಿಗೆ ಮೊಳೆ ಇಟ್ಟು ಕೂರಿಸಿದ್ದರು. ನಾಲ್ಕನೇ ಸಾಲು ಗಮನಿಸಿ. ಅಲ್ಲಿ ಕಿರಿಯ ಮಗ ಗೇಟಾನ ಹೆಸರಿತ್ತು. 211ರಲ್ಲಿ ಅಣ್ಣ ಕ್ಯಾರಕಲ್ಲ ಅವನನ್ನು ಕೊಲ್ಲಿಸಿ, ಹೆಸರನ್ನೂ ಅಳಿಸಿಸಿದ. ಆ ಜಾಗದಲ್ಲಿ ‘ಅತ್ಯುತ್ತಮರೂ ಅತಿ ಶೂರರೂ ಆದ ದೊರೆಗಳಿಗೆ’ ಎಂಬ ಹೊಗಳಿಕೆ ತುಂಬಿಸಿದರು. ಆದರೆ ಹಳೆಯ ಮೊಳೆತೂತುಗಳು ಹೊಸ ಅಕ್ಷರಗಳಿಗೆ ಹೊಂದಲಿಲ್ಲ. ಆ ತೂತುಗಳಿಂದಲೇ ವಿದ್ವಾಂಸರು ಗೇಟಾನ ಹೆಸರನ್ನು ಮತ್ತೆ ಓದಿದರು. ಅಳಿಸಿದವನಿಗೆ ಕಲ್ಲಿನ ಸ್ವಭಾವ ಗೊತ್ತಿರಲಿಲ್ಲ!

ಪ್ರವಾಸಿಗರು ಹೆಚ್ಚು ಎಡವುವುದು 315ರಲ್ಲಿ ಎದ್ದ, ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಕಮಾನಿನಲ್ಲಿ. ಸುಮಾರು 21 ಮೀಟರ್ ಎತ್ತರದ ಇದರಲ್ಲಿ ಕಂಡ ಶಿಲ್ಪವೆಲ್ಲ ಅವನ ಯುದ್ಧದ್ದಲ್ಲ. ತುದಿಯಲ್ಲಿ ನಿಂತ ಡೇಸಿಯಾದ (ಇಂದಿನ ರೊಮೇನಿಯಾ ಪ್ರದೇಶ) ಸೆರೆಯಾಳುಗಳು ಹಿಂದಿನ ಚಕ್ರವರ್ತಿ ಟ್ರೇಜನ್ ಕಾಲದವರು. ಪಕ್ಕದ ಕಮಾನುಗಳ ಮೇಲಿನ ದುಂಡು ಫಲಕಗಳು ಟ್ರೇಜನ್ ನಂತರದ ಚಕ್ರವರ್ತಿ ಹೇಡ್ರಿಯನ್ ಕಾಲದವು, ಚಕ್ರವರ್ತಿಯ ಮುಖ ಮಾತ್ರ ತಿದ್ದಿದ್ದು. ದುಂಡು ಫಲಕಗಳ ಕೆಳಗೇ ಓಡುವ ಕಿರಿದಾದ ಉಬ್ಬುಶಿಲ್ಪದ ಪಟ್ಟಿ ಕಾನ್‌ಸ್ಟಂಟೈನ್ ಕಾಲದ್ದು. ಅವನೆದುರು ಸೋತ ಮ್ಯಾಕ್ಸೆಂಟಿಯಸ್‌ನ ಹೆಸರು ಬರಹದಲ್ಲಿಲ್ಲ, ‘ದಬ್ಬಾಳಿಕೆಗಾರ’ ಎಂದಷ್ಟೇ ಇದೆ. ಕಾರಣ, ಗೆದ್ದದ್ದು ಹೊರದೇಶದವನನ್ನಲ್ಲ, ರೋಮನ್ನನನ್ನೇ.