2 ಇಂಚು ಎತ್ತರಿಸಿದ ಮೇಲೆ ಸ್ಟೀರಿಂಗ್ ಅಲೆದಾಟ
ಮುಂದೆ ಕಾಯಿಲ್ ಸ್ಪ್ರಿಂಗ್, ರೇಡಿಯಸ್ ಆರ್ಮ್ (ಆಕ್ಸಲನ್ನು ಚಾಸಿಗೆ ಜೋಡಿಸುವ ತೋಳು) ಇರುವ ಹಳೇ ಗಾಡಿಯನ್ನು 2 ಇಂಚು ಎತ್ತರಿಸಿದ ಮೇಲೆ ವೇಗದಲ್ಲಿ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ ಅಂದಿದ್ದೀರಿ. ಬಹುತೇಕ ಕ್ಯಾಸ್ಟರ್, ಅಂದರೆ ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿದೆ; ಸ್ಟೀರಿಂಗನ್ನು ನೇರಕ್ಕೆ ತರುವುದು ಅದೇ. ಗಾಡಿ ಮೇಲೇರಿದಾಗ ಆರ್ಮ್‌ನ ಕೋನ ಬದಲಾಗಿ ಆಕ್ಸಲ್ ಮುಂದಕ್ಕೆ ಹೊರಳುತ್ತದೆ. ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಅಲುಗಾಟ ತಗ್ಗಿಸುವ ಹೊಸ ಸ್ಟೀರಿಂಗ್ ಡ್ಯಾಂಪರ್‌ಗೆ ದುಡ್ಡು ಹಾಕಬೇಡಿ, ಅದು ರೋಗವನ್ನು ಮುಚ್ಚಿಡುತ್ತದೆ ಅಷ್ಟೇ.

ಓಡಿಸುವ ಮೊದಲು ಬ್ರೇಕ್ ಹೋಸ್ ನೋಡಿ. ಚಾಸಿಯನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಪೂರ್ತಿ ಇಳಿಬಿದ್ದಿರುವಾಗ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಹೋಸ್ ಬಿಗಿಯಾದರೆ ಉದ್ದದ್ದು ಹಾಕಿಸಲೇಬೇಕು.

ಆಮೇಲೆ ಟೈ ರಾಡ್ ಎಂಡ್ (ಸ್ಟೀರಿಂಗ್ ರಾಡ್‌ನ ತುದಿಯ ಕೀಲು), ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಬುಷ್, ವೀಲ್ ಬೇರಿಂಗ್ ಅಲುಗಾಡುತ್ತವೆಯೇ ಪರೀಕ್ಷಿಸಿ. ಇವು ಸವೆದಿದ್ದರೆ ಅಲೈನ್‌ಮೆಂಟ್ ಅಳತೆಗೆ ಅರ್ಥವಿಲ್ಲ. ಅದಾದ ಮೇಲೆ ಕ್ಯಾಸ್ಟರ್ ಅಳೆಸಿ, ಮ್ಯಾನ್ಯುಯಲ್ ಜೊತೆ ಹೋಲಿಸಿ, ಕಡಿಮೆಯಿದ್ದಷ್ಟಕ್ಕೆ ರೇಡಿಯಸ್ ಆರ್ಮ್‌ಗೆ ಕ್ಯಾಸ್ಟರ್ ಕರೆಕ್ಷನ್ ಬುಷ್ (ಆ ಕೋನ ಸರಿಪಡಿಸುವ ಬುಷ್) ಹಾಕಿಸಿ. ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ನಿಂತಾಗಲೇ ಆಗಲಿ, ಇಲ್ಲದಿದ್ದರೆ ಹೊಸ ಬುಷ್ ಬೇಗ ಹರಿಯುತ್ತದೆ.

ಆಕ್ಸಲ್ ಒಂದು ಪಕ್ಕಕ್ಕೆ ಸರಿದಿದ್ದರೆ ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಬೇಕಾಗಬಹುದು. ನಡುಕವೂ ಇದ್ದರೆ ಆಕ್ಸಲ್‌ಗೆ ಎಂಜಿನ್ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಾರಣವಿರಬಹುದು, ಅದು ಯಾವ ವೇಗದಲ್ಲಿ ಬರುತ್ತದೆ ಬರೆಯಿರಿ.