‘ಬಿಂಟಿ’ಯ ಡಬ್ಬಿಯಲ್ಲಿ ಏನಿದೆ?

ಪ್ರಶ್ನೆ: ನ್ನೆಡಿ ಒಕೊರಾಫೋರ್ ಅವರ ‘ಬಿಂಟಿ’ (2015) ಎಂಬ ವೈಜ್ಞಾನಿಕ ಕಿರುಕಾದಂಬರಿ ಓದಲು ಕೂತೆ. 16 ವರ್ಷದ ಹುಡುಗಿ ಬಿಂಟಿ ಮನೆಯವರಿಗೆ ಹೇಳದೆ ಬೇರೆ ಗ್ರಹದ ವಿಶ್ವವಿದ್ಯಾಲಯಕ್ಕೆ ಹೊರಟಳೆಂಬುದು ತಿಳಿಯಿತು. ಆದರೆ ‘ಒಟ್ಜಿಜೆ’, ‘ಎಡಾನ್’ ಎಂಬ ಪದಗಳಲ್ಲೇ ತೊಡರಿ ಪುಸ್ತಕ ಮುಚ್ಚಿಟ್ಟೆ. ಏನು ಮಾಡಲಿ?

ಉತ್ತರ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಟ್ಜಿಜೆ ನಿಜವಾಗಿಯೂ ಇದೆ: ಉತ್ತರ ನಮೀಬಿಯಾದ ಹಿಂಬಾ ಹೆಂಗಸರು ಕೆಂಪು ಕಾವಿಕಲ್ಲಿನ ಪುಡಿಯನ್ನು ಬೆಣ್ಣೆಯ ಜಿಡ್ಡಿನಲ್ಲಿ ಕಲಸಿ ಮೈಗೂ ಜಡೆಗೂ ಬಳಿದುಕೊಳ್ಳುವ ಲೇಪ. ಹಿಂಬಾ ಹುಡುಗಿಯೇ ಆದ ಬಿಂಟಿ ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾಳೆ. ಊರಿನ ಮಣ್ಣೇ ಅವಳ ಜೊತೆ ಹೊರಟಿದೆ ಎಂಬುದು ಹಿಡಿಯದಿದ್ದರೆ ಅರ್ಧ ಕಥೆ ಕೈತಪ್ಪಿದಂತೆ. ಆ ಲೇಪ ಬರುವ ಪುಟಗಳಲ್ಲಿ ಪೆನ್ಸಿಲ್ ಗುರುತು ಹಾಕಿ; ಎಷ್ಟು ಉಳಿಯಿತು, ಯಾರ ಗಾಯಕ್ಕೆ ಬಂತು, ನೋಡುತ್ತಾ ಹೋಗಿ.

ಎಡಾನ್ ಬೇರೆಯೇ: ಅವಳ ಬಳಿಯಿರುವ ಒಂದು ಹಳೆಯ ಸಾಧನ. ಅದೇನೆಂದು ಬಿಂಟಿಗೇ ಗೊತ್ತಿಲ್ಲ, ನೀವು ನಿಘಂಟು ತಡಕಿ ಸುಸ್ತಾಗುವುದೇಕೆ?

ನೂರು ಪುಟದೊಳಗಿನ ಪುಸ್ತಕ. ಒಂದೇ ದಿನ ಎರಡು ಸಲ ಕೂತು ಮುಗಿಸಿ. ವಾರಗಟ್ಟಲೆ ಎಳೆದರೆ ಬಾಹ್ಯಾಕಾಶ ಹಡಗಿನೊಳಗಿನ ಬಿಗುವು ಸಡಿಲುತ್ತದೆ. ಕೊನೆ ಅವಸರದ್ದೆನಿಸಿದರೆ ತಪ್ಪು ನಿಮ್ಮದಲ್ಲ. ಮನೆಯವರ ಸಿಟ್ಟಿನ ಲೆಕ್ಕ ಎರಡನೇ ಭಾಗ ‘ಹೋಮ್’ನಲ್ಲಿದೆ (2017).