ಅಕ್ಕಿ ಪಾಯಸ ಕೆನೆಗಟ್ಟಿದ ಹಾಗೆ ಮಂದವಾಗಿ ಬರಲು ಏನು ಮಾಡಬೇಕು?

ಅಕ್ಕಿ ಒಂದು ಕಡೆ, ಹಾಲು ಒಂದು ಕಡೆ ನಿಲ್ಲುತ್ತದೆ, ಕಂಡೆನ್ಸ್ಡ್ ಮಿಲ್ಕ್ ಇಲ್ಲದೆ ಮಂದ ಬರುವುದಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ. ಮಂದ ಕೊಡುವುದು ಅಕ್ಕಿಯೊಳಗಿನ ಗಂಜಿ. ಅದು ಹಾಲಿಗೆ ಇಳಿಯಲು ಹೊತ್ತು ಬೇಕು. ಅನ್ನ ಮಾಡಿಕೊಂಡು ಹಾಲಿಗೆ ಹಾಕಿದರೆ ಗಂಜಿ ಮೊದಲೇ ನೀರಿಗೆ ಹೋಗಿರುತ್ತದೆ. ಆದ್ದರಿಂದ ಅಕ್ಕಿ ಹಾಲಿನಲ್ಲೇ ಬೇಯಬೇಕು.

1 ಲೀಟರ್ ಗಟ್ಟಿ ಹಾಲಿಗೆ (ಶೇ. 6 ಕೊಬ್ಬಿನದು) 65ರಿಂದ 70 ಗ್ರಾಂ ಅಕ್ಕಿ, 110 ಗ್ರಾಂ ಸಕ್ಕರೆ ಸಾಕು. ಅಕ್ಕಿ ಸ್ವಲ್ಪವೇ ಆಯಿತು ಅನ್ನಿಸುತ್ತದೆ, ಆದರೂ ಹೆಚ್ಚಿಸಬೇಡಿ. ಜೀರಿಗೆ ಸಣ್ಣ, ಗಂಧಸಾಲೆಯಂಥ ಸುವಾಸನೆಯ ಅಕ್ಕಿ ಸಿಕ್ಕರೆ ಪರಿಮಳವೇ ಬೇರೆ. ಸೋನಾ ಮಸೂರಿಯೂ ಚೆನ್ನಾಗಿಯೇ ಬರುತ್ತದೆ. ಕುಸುಬಲಕ್ಕಿ ಮಾತ್ರ ಬೇಡ, ಅದು ಸುಲಭಕ್ಕೆ ಗಂಜಿ ಬಿಡುವುದಿಲ್ಲ. ಒಂದೇ ಸಲ ತೊಳೆದು 30 ನಿಮಿಷ ನೆನೆಸಿ, ಬಸಿದು, ಅಂಗೈಯಲ್ಲಿ ಹೊಸಕಿ. ಅರ್ಧದಷ್ಟು ಕಾಳು ಮುರಿದರೆ ಸಾಕು. ರವೆಯಾದರೆ ಪಾಯಸ ಗೋಂದಿನಂತಾಗುತ್ತದೆ.

ದಪ್ಪ ತಳದ ಪಾತ್ರೆಗೆ ಎರಡು ಚಮಚ ನೀರು ಆಡಿಸಿ, ಆಮೇಲೆ ಹಾಲು ಹಾಕಿ ಕುದಿಸಿ. ಅಕ್ಕಿ ಹಾಕಿದ ಮೊದಲ ಐದು ನಿಮಿಷ ಕೈ ಬಿಡಬೇಡಿ, ಕಾಳು ತಳಕ್ಕೆ ಕೂರುವುದು ಆಗಲೇ. ನಂತರ ಸಣ್ಣ ಉರಿಯಲ್ಲಿ 40-45 ನಿಮಿಷ. ಮೂರು ನಿಮಿಷಕ್ಕೊಮ್ಮೆ ತಳ ಕೆದಕಿ ತಿರುವಿ, ಅಂಚಿಗೆ ಅಂಟಿದ ಕೆನೆಯನ್ನೂ ಒಳಗೆ ಸೇರಿಸಿ. ತಳ ಹಿಡಿದ ವಾಸನೆ ಬಂದರೆ ಕೆದಕದೆ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ.

ಹೆಚ್ಚಿನವರು ತಪ್ಪುವುದು ಸಕ್ಕರೆಯಲ್ಲಿ. ಬೇಗ ಹಾಕಿದರೆ ಸಕ್ಕರೆ ನೀರನ್ನು ತನ್ನತ್ತ ಎಳೆಯುತ್ತದೆ, ಅರೆಬೆಂದ ಅಕ್ಕಿ ಹಾಗೇ ಗಟ್ಟಿಯಾಗಿ ಉಳಿಯುತ್ತದೆ. ಮತ್ತೆ ಎಷ್ಟು ಬೇಯಿಸಿದರೂ ಬೇಗ ಮೆತ್ತಗಾಗದು. ಒಂದು ಕಾಳು ತೆಗೆದು ಬೆರಳ ನಡುವೆ ಹಿಸುಕಿ, ನಡುವೆ ಬಿಳಿ ಚುಕ್ಕೆ ಉಳಿಯದೆ ಬೆಣ್ಣೆಯಂತೆ ಹರಡಿದ ಮೇಲೆಯೇ ಸಕ್ಕರೆ ಹಾಕಿ. ಹಾಕಿದ ಕೂಡಲೇ ನೀರಾಗುತ್ತದೆ, ಗಾಬರಿ ಬೇಡ, 6-8 ನಿಮಿಷದಲ್ಲಿ ಮತ್ತೆ ಮಂದವಾಗುತ್ತದೆ. ನಾಲ್ಕು ಏಲಕ್ಕಿ ಪುಡಿ, ಒಂದು ಚಿಟಿಕೆ ಉಪ್ಪು, ತುಪ್ಪದಲ್ಲಿ ಹುರಿದ ಗೋಡಂಬಿ-ದ್ರಾಕ್ಷಿ ಕೊನೆಗೆ.

ಯಾವಾಗ ಇಳಿಸಬೇಕು? ಸೌಟಿನ ಬೆನ್ನಿಗೆ ಅಂಟಿದ ಪಾಯಸದ ಮೇಲೆ ಗೆರೆ ಎಳೆಯಿರಿ. ಗೆರೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತಿದ್ದರೆ ಒಲೆ ಆರಿಸಿ. ಇನ್ನೂ ತೆಳು ಅನ್ನಿಸಬೇಕು, ಏಕೆಂದರೆ ಗಂಜಿ ಆರಿದಂತೆ ಬಿಗಿಯುತ್ತದೆ. ಒಲೆಯ ಮೇಲೆಯೇ ಬೇಕಾದ ಹದ ಬಂದಿದ್ದರೆ ಮರುದಿನ ಮುದ್ದೆ. ಹಾಗಾದರೆ ಅರ್ಧ ಲೋಟ ಬಿಸಿ ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಸಡಿಲಿಸಿ.

ಬೆಲ್ಲ ಹಾಕುವುದಾದರೆ ಕುದಿಯುವ ಹಾಲಿಗೆ ಹಾಕಬೇಡಿ, ಅದರ ಹುಳಿಯಂಶಕ್ಕೆ ಹಾಲು ಒಡೆಯುತ್ತದೆ. 150 ಗ್ರಾಂ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿಡಿ. ಪಾಯಸವೂ ಉಗುರುಬೆಚ್ಚಗಾದ ಮೇಲೆ ಬೆರೆಸಿ. ಆಮೇಲೆ ಒಲೆಗೆ ಇಡಬೇಡಿ.